ಏಳನೆಯ ಚುಕ್ಕಿ

ಆ ಮುದ್ರಣಾಲಯದಲ್ಲಿ ಮೇಷ್ಟ್ರು ಎಂದರೆ ಒಬ್ಬರೇ. ಹಾಗೆಂದು ಅವರು ಯಾವ ಶಾಲೆಯಲ್ಲೂ ಒಂದು ದಿನವಾದರೂ ಪಾಠ ಹೇಳಿದವರಲ್ಲ. ಇಪ್ಪತ್ತೆರಡು ವರ್ಷ ಎಲ್ಲರ ತಪ್ಪು ಹುಡುಕಿ ಹುಡುಕಿಯೇ ಆ ಹೆಸರು ಸಂಪಾದಿಸಿದ್ದರು. ಹುಟ್ಟಿನಿಂದಲೇ ಅವರಿಗೆ ಕಣ್ಣಿಲ್ಲ. ಕಣ್ಣಿಲ್ಲದ ಮಕ್ಕಳಿಗಾಗಿ ಬ್ರೈಲ್ ಪುಸ್ತಕ ಅಚ್ಚು ಮಾಡುವ ಆ ಮೂರು ಕೋಣೆಯ ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವರ ಕೆಲಸ. ಆ ಕೆಲಸಕ್ಕೆ ಅವರ ಹತ್ತಿರ ಇದ್ದ ಬಂಡವಾಳವೆಂದರೆ ಬಲಗೈಯ ತೋರುಬೆರಳು, ಅಷ್ಟೇ.

ಕಿಟಕಿಯ ಪಕ್ಕದಲ್ಲಿ ಒಂದು ಮೇಜು, ಎದುರುಬದುರು ಎರಡು ಕುರ್ಚಿ. ಒಂದರಲ್ಲಿ ಮೇಷ್ಟ್ರು, ಇನ್ನೊಂದರಲ್ಲಿ ದನಿಯಕ್ಕ. ದನಿಯಕ್ಕನಿಗೆ ಕಣ್ಣಿದೆ. ಮಾಮೂಲಿ ಅಚ್ಚಿನ ಪುಸ್ತಕ ಹಿಡಿದು ಗಟ್ಟಿಯಾಗಿ ಓದುವುದು ಆಕೆಯ ಪಾಲಿನ ಕೆಲಸ. ಆ ಹೆಸರಿಟ್ಟವರೂ ಮೇಷ್ಟ್ರೇ. ಆಕೆ ಓದುತ್ತಾ ಹೋದಂತೆ ಮೇಷ್ಟ್ರ ಬೆರಳು ಬ್ರೈಲ್ ಹಾಳೆಯ ಉಬ್ಬು ಚುಕ್ಕಿಗಳ ಮೇಲೆ ಸಾಲಿನಿಂದ ಸಾಲಿಗೆ ಓಡುತ್ತಿತ್ತು. ಕಿವಿಗೆ ಬಿದ್ದದ್ದು ಒಂದು, ಬೆರಳಿಗೆ ಸಿಕ್ಕಿದ್ದು ಇನ್ನೊಂದು ಆಯಿತೋ, ಮೇಜಿನ ಮೇಲೆ ಎರಡು ಸಲ ಟಕ್ ಟಕ್. ಆಕೆ ಓದು ನಿಲ್ಲಿಸಿ ಸಾಲಿನ ಸಂಖ್ಯೆ ಗುರುತು ಹಾಕಿಕೊಳ್ಳುತ್ತಿದ್ದಳು.

ಒಂದು ಕಟ್ಟುನಿಟ್ಟಿತ್ತು. ಕೆಲಸದ ಹೊತ್ತಿನಲ್ಲಿ ದನಿಯಕ್ಕ ಬ್ರೈಲ್ ಹಾಳೆಯ ಕಡೆ ಅಪ್ಪಿತಪ್ಪಿಯೂ ನೋಡುವಂತಿರಲಿಲ್ಲ. "ನೀವು ನೋಡಿದ್ರೆ ತಪ್ಪು ಬರೋಕ್ಕೆ ಮುಂಚೇನೇ ನಿಮ್ಮ ಗಂಟಲು ಹೇಳ್ಬಿಡತ್ತೆ. ಆಮೇಲೆ ನನ್ನ ಬೆರಳು ಯಾಕೆ, ಉಪ್ಪಿನಕಾಯಿ ಹಾಕೋಕ್ಕಾ?" ಎಂದು ಮೊದಲ ದಿನವೇ ಮೇಷ್ಟ್ರು ಗದರಿಸಿದ್ದರು. ಆಕೆ ಇಪ್ಪತ್ತೆರಡು ವರ್ಷ ಆ ಮಾತನ್ನು ಪಾಲಿಸಿದಳು.

ತಪ್ಪಿನ ಪಟ್ಟಿ ಮೂರನೆಯ ಕೋಣೆಯ ತಗಡಣ್ಣನಿಗೆ ಹೋಗುತ್ತಿತ್ತು. ಪುಸ್ತಕದ ಚುಕ್ಕಿಗಳನ್ನೆಲ್ಲ ಮೊದಲು ಸತುವಿನ ತಗಡಿನ ಮೇಲೆ ಎಬ್ಬಿಸಿ, ಆಮೇಲೆ ಆ ತಗಡಿನಿಂದ ಕಾಗದಕ್ಕೆ ಒತ್ತುವವನು ಅವನು. ಬೇಡದ ಚುಕ್ಕಿ ಎದ್ದಿದ್ದರೆ ಚಿಕ್ಕ ಸುತ್ತಿಗೆಯಲ್ಲಿ ತಟ್ಟಿ ಚಪ್ಪಟೆ ಮಾಡುತ್ತಿದ್ದ. ಬೇಕಾದ ಚುಕ್ಕಿ ಎದ್ದಿರದಿದ್ದರೆ ಮೊಳೆಯಿಟ್ಟು ಎಬ್ಬಿಸುತ್ತಿದ್ದ. ಬ್ರೈಲಿನಲ್ಲಿ ಒಂದು ಅಕ್ಷರದ ಮನೆಗೆ ಆರು ಚುಕ್ಕಿಗಳ ಜಾಗ. ಕಡಿಮೆ ಇರಬಹುದು, ಹೆಚ್ಚಂತೂ ಇರುವಂತಿಲ್ಲ. ಏಳನೆಯದು ಎಲ್ಲಾದರೂ ಕಂಡರೆ ಅದು ತಪ್ಪೇ ಎಂದು ತಗಡಣ್ಣನ ಕೈಗೇ ಗೊತ್ತಿತ್ತು. ತಾನು ಅಚ್ಚು ಮಾಡುವ ಕಥೆಗಳನ್ನು ಅವನೆಂದೂ ಓದಿದವನಲ್ಲ. ಅಷ್ಟು ಪುರುಸೊತ್ತು ಯಾರಿಗಿದೆ ಎನ್ನುತ್ತಿದ್ದ.

ಪುಸ್ತಕ ಹೊರಟುಹೋದ ಮೇಲೆ ಆಗೊಮ್ಮೆ ಈಗೊಮ್ಮೆ ಯಾವುದಾದರೂ ಮಗು ಬ್ರೈಲಿನಲ್ಲಿ ಕಾಗದ ಬರೆಯುತ್ತಿತ್ತು. ಕಾಗದ ಬಂದ ದಿನ ನಾಲ್ಕು ಗಂಟೆಯ ಚಹಾ ಹೊತ್ತಿಗೆ ಎಲ್ಲರೂ ಮೇಷ್ಟ್ರ ಸುತ್ತ ಸೇರುತ್ತಿದ್ದರು. ಅವರು ಬೆರಳಾಡಿಸುತ್ತಾ, ಮಕ್ಕಳ ದನಿ ಮಾಡಿ ಓದಿ ಹೇಳುತ್ತಿದ್ದರು. ಉಳಿದ ದಿನ ಸಿಡುಕುವ ಮನುಷ್ಯ ಆ ಹತ್ತು ನಿಮಿಷ ಮಾತ್ರ ಮೆತ್ತಗಾಗುತ್ತಿದ್ದರು. ಮದುವೆ, ಮಕ್ಕಳು ಎಂದು ಏನನ್ನೂ ಹಚ್ಚಿಕೊಳ್ಳದ ಅವರಿಗೆ ಅದೇ ಸಂಸಾರವಾಗಿತ್ತು ಎಂದರೂ ತಪ್ಪಿಲ್ಲ.

ಕೇಡು ಮೊದಲು ಗೊತ್ತಾದದ್ದು ಮನೆಯಲ್ಲಿ. ಮೇಷ್ಟ್ರು ತಂಗಿಯ ಜೊತೆ ಇದ್ದರು. ಅವಳು ದರ್ಜಿ, ಒಂದೇ ಕೋಣೆಯಲ್ಲಿ ಒಂದು ಕಡೆ ಹೊಲಿಗೆ ಯಂತ್ರ, ಇನ್ನೊಂದು ಕಡೆ ಅಣ್ಣನ ಮಂಚ. ಒಂದು ಬೆಳಿಗ್ಗೆ ಅಣ್ಣನ ಕೈಗೆ ಗುಂಡಿ ಕೊಟ್ಟು, "ಇದಕ್ಕೆ ಎರಡು ತೂತೋ ನಾಲ್ಕೋ ನೋಡೋ, ಕತ್ತಲಲ್ಲಿ ಕಾಣ್ತಿಲ್ಲ" ಅಂದಳು. ಅದು ಅವರಿಬ್ಬರ ಹಳೆಯ ತಮಾಷೆ. ಮೇಷ್ಟ್ರು ಗುಂಡಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಅದು ಬರೀ ನುಣುಪು. ಅಷ್ಟರಲ್ಲಿ ಅವಳ ಕಣ್ಣು ಅವರ ಬೆರಳಿನ ಮೇಲೆ ಬಿತ್ತು.

"ಅಯ್ಯೋ, ಬೊಬ್ಬೆ ಎದ್ದಿದೆಯಲ್ಲೋ ಅಣ್ಣ! ಎಲ್ಲಿ ಸುಟ್ಕೊಂಡೆ?"

"ಎಲ್ಲಿ ಬೊಬ್ಬೆ?" ಅಂದರು ಮೇಷ್ಟ್ರು. ಬಿಸಿ ಲೋಟ ಹಿಡಿದದ್ದು ನೆನಪಿತ್ತು. ಸುಟ್ಟದ್ದು ನೆನಪಿರಲಿಲ್ಲ, ಏಕೆಂದರೆ ಸುಟ್ಟದ್ದೇ ಗೊತ್ತಾಗಿರಲಿಲ್ಲ.

ಸಕ್ಕರೆ ಕಾಯಿಲೆ ಹನ್ನೆರಡು ವರ್ಷದಿಂದ ಇತ್ತು. ಡಾಕ್ಟರು ಸೂಜಿಯಿಂದ ಬೆರಳ ತುದಿಯನ್ನು ಅಲ್ಲಲ್ಲಿ ಚುಚ್ಚಿ ನೋಡಿ, "ನರ ಸತ್ತಿದೆ. ಹೋದದ್ದು ಬರಲ್ಲ. ಇರೋದನ್ನ ಉಳಿಸ್ಕೊಳ್ಳಿ" ಅಂದರು. ಎಡಗೈಯೂ ಅದೇ ದಾರಿ ಹಿಡಿದಿತ್ತು. ಬಾಗಿಲು ದಾಟುವಾಗ ಡಾಕ್ಟರು ಹಿಂದಿನಿಂದ, "ಕೆಲಸ ಏನು ಮಾಡ್ತೀರಿ?" ಎಂದು ಕೇಳಿದರು. ಮೇಷ್ಟ್ರು ಕೋಲು ಕುಟ್ಟುತ್ತಾ ಹೊರಗೆ ಬಂದರು.

ಎರಡನೆಯ ಸಲ ಕುರುಡಾಗುವುದು ಎಂದರೆ ಏನು ಅಂತ ಕಣ್ಣಿರುವವರಿಗೆ ಹೇಗೆ ಹೇಳುವುದು? ಮೊದಲನೆಯದು ಅವರಿಗೆ ದುಃಖವೇ ಆಗಿರಲಿಲ್ಲ, ಕಳೆದುಕೊಳ್ಳಲು ಏನೂ ಇರಲಿಲ್ಲವಲ್ಲ. ಏಳನೆಯ ವಯಸ್ಸಿನಲ್ಲಿ ಮೊದಲ ಅಕ್ಷರ ಬೆರಳಿಗೆ ಸಿಕ್ಕಿದ ದಿನದಿಂದ ಪ್ರಪಂಚ ಆ ತುದಿಯಿಂದಲೇ ಒಳಗೆ ಬಂದಿತ್ತು. ಈಗ ಆ ಬಾಗಿಲು ಮುಚ್ಚುತ್ತಿತ್ತು. ಮುದ್ರಣಾಲಯದಲ್ಲಿ ಬಾಯಿಬಿಟ್ಟರೆ ಮಾರನೆಯ ದಿನವೇ ಮನೆಗೆ. ಆಮೇಲೆ ತಂಗಿಯ ಹೊಲಿಗೆ ಯಂತ್ರದ ಸದ್ದು ಕೇಳುತ್ತಾ ಮಂಚದ ಮೇಲೆ ಕೂರಬೇಕು. ಮೇಷ್ಟ್ರು ಬಾಯಿಗೆ ಬೀಗ ಹಾಕಿಕೊಂಡರು.

ಅದೇ ವಾರ ಹೊಸ ಪುಸ್ತಕ ಬಂತು. ಮಕ್ಕಳ ಕಾದಂಬರಿ, ಇಬ್ಬರು ಗೆಳತಿಯರದು, ಆಕಾಶದ್ದು. ಒಂದೇ ಕಟ್ಟಡದ ಇಬ್ಬರು ಹುಡುಗಿಯರು ತಾರಸಿಗೆ ಹೋಗಿ ಕೃತ್ತಿಕೆಯನ್ನು ನೋಡುತ್ತಾರೆ. ಒತ್ತೊತ್ತಾಗಿರುವ ಪುಟ್ಟ ನಕ್ಷತ್ರಗಳ ಗುಂಪು ಅದು. ಒಬ್ಬಳಿಗೆ ಏಳು ಕಾಣುತ್ತವೆ, ಇನ್ನೊಬ್ಬಳಿಗೆ ಆರೇ. ನೀನು ಸುಳ್ಳಿ ಎಂದು ಜಗಳ. ಜಗಳದ ನಡುವೆಯೇ ಏಳು ಕಂಡವಳ ಮನೆಯವರು ಬೇರೆ ಊರಿಗೆ ಹೋಗಿಬಿಡುತ್ತಾರೆ. ವರ್ಷ ಕಳೆದ ಮೇಲೆ ಉಳಿದವಳಿಗೆ ಕನ್ನಡಕ ಬರುತ್ತದೆ. ತಾರಸಿಗೆ ಹೋಗಿ ತಲೆಯೆತ್ತುತ್ತಾಳೆ, ಏಳನೆಯದು ಅಲ್ಲೇ ಇದೆ. ಹೇಳೋಣವೆಂದರೆ ಪಕ್ಕದಲ್ಲಿ ಗೆಳತಿ ಇಲ್ಲ.

ಕೊನೆಯ ಪುಟದಲ್ಲಿ ಒಂದು ಚಿತ್ರ. ಬ್ರೈಲ್ ಪುಸ್ತಕಕ್ಕಾಗಿ ಅದನ್ನು ಉಬ್ಬು ಚಿತ್ರ ಮಾಡಿ, ಆ ಒಂದು ತಗಡನ್ನು ಮಾತ್ರ ಹೊರಗೆ ಮಾಡಿಸಿ ತರಿಸಿದ್ದರು. ಆರು ದಪ್ಪ ಚುಕ್ಕಿ, ಏಳನೆಯದು ಸಾಸಿವೆಯಷ್ಟು. ಕೆಳಗೆ ಓದುವ ಮಗುವಿಗೇ ಒಂದು ಮಾತು: ಈಗ ನೀನೂ ಹುಡುಕು.

ಮೇಷ್ಟ್ರ ನಾಟಕ ಶುರುವಾದದ್ದು ಆ ಕಾದಂಬರಿಯಿಂದ. ದಪ್ಪ ಅಕ್ಷರ ಅಷ್ಟಿಷ್ಟು ತಿಳಿಯುತ್ತಿತ್ತು, ಉಳಿದದ್ದು ಮಂಜು ಮಂಜು. ಬೆರಳನ್ನು ದನಿಯಕ್ಕನ ಮಾತಿನ ಹಿಂದೆ ಸುಮ್ಮನೆ ಎಳೆದುಕೊಂಡು ಹೋಗುತ್ತಿದ್ದರು. ಆಕೆ ಪುಟ ತಿರುಗಿಸಿದಾಗ ಇವರೂ ತಿರುಗಿಸುತ್ತಿದ್ದರು. ಎರಡು ದಿನ ಒಂದು ತಪ್ಪೂ ಸಿಗಲಿಲ್ಲ. ಇದು ಹೀಗೇ ಮುಂದುವರಿದರೆ ಅನುಮಾನ ಬರುತ್ತದಲ್ಲ ಎಂದು ಮೂರನೆಯ ದಿನದಿಂದ ಕಣ್ಣಂದಾಜಿನಲ್ಲಿ, ಅಲ್ಲ, ಬೆರಳಂದಾಜಿನಲ್ಲಿ ಮೇಜು ಬಡಿಯತೊಡಗಿದರು. ಹತ್ತು ಸಾಲಿಗೊಮ್ಮೆ ಟಕ್ ಟಕ್. ನಿಜವಾದ ತಪ್ಪುಗಳು ದೇವರ ದಯೆಯಿಂದ ಕಡಿಮೆ ಇದ್ದವು.

ತಗಡಣ್ಣ ಪಟ್ಟಿ ಹಿಡಿದುಕೊಂಡು ಬಂದ. "ಮೇಷ್ಟ್ರೆ, ಹನ್ನೆರಡನೇ ಪುಟದಲ್ಲಿ ಏನೂ ತಪ್ಪಿಲ್ವಲ್ಲ?"

"ಸರಿಯಾಗಿ ನೋಡಪ್ಪ."

"ಭೂತಗನ್ನಡಿ ಇಟ್ಕೊಂಡು ನೋಡ್ದೆ. ಹದಿನೇಳರಲ್ಲೂ ಇಲ್ಲ, ಇಪ್ಪತ್ತರಲ್ಲೂ ಇಲ್ಲ."

"ಹಾಗಾದ್ರೆ ನಿನ್ನ ಚುಕ್ಕಿ ಮೇಲೆ ಎದ್ದಿಲ್ಲ. ಗಟ್ಟಿಯಾಗಿ ಒತ್ತು!" ಮೇಷ್ಟ್ರು ದನಿ ಏರಿಸಿದರು. ತಪ್ಪಿತಸ್ಥನ ಬಾಯಿ ಯಾವಾಗಲೂ ಜೋರು.

ತಗಡಣ್ಣ ಗೊಣಗಿಕೊಂಡು ಹೋದ. ಪಾಪ, ಅವನಿಗೆ ಮೇಷ್ಟ್ರೆಂದರೆ ಭಯವೂ ಗೌರವವೂ ಒಟ್ಟಿಗೇ ಇದ್ದವು. ತಪ್ಪು ತನ್ನದೇ ಇರಬೇಕು ಎಂದುಕೊಂಡು, ಅಂದಿನಿಂದ ಪ್ರತಿಯೊಂದು ತಗಡನ್ನೂ ಕರಡು ತೆಗೆಯುವ ಮುಂಚೆ ತಾನೇ ಕಣ್ಣಲ್ಲಿ ಕಣ್ಣಿಟ್ಟು ನೋಡತೊಡಗಿದ. ಹಾಗೆ ನೋಡುತ್ತಾ ಕೊನೆಯ ತಗಡಿಗೆ ಬಂದ. ಆರು ಚುಕ್ಕಿ ದಪ್ಪಗೆ, ಚೊಕ್ಕವಾಗಿ ಎದ್ದಿದ್ದವು. ಪಕ್ಕದಲ್ಲಿ ಇನ್ನೊಂದು ಪುಟ್ಟದು, ಅಡ್ಡಾದಿಡ್ಡಿ. ಹೊರಗಿನವರ ಕೆಲಸ ಹೀಗೇ ಎಂದು ಸುತ್ತಿಗೆ ತೆಗೆದುಕೊಂಡು ಒಂದೇ ಏಟಿಗೆ ಅದನ್ನು ತಟ್ಟಿಬಿಟ್ಟ. ಮೇಷ್ಟ್ರಿಂದ ಒಂದು ಬೈಗುಳ ತಪ್ಪಿತು ಎಂದು ಅವನಿಗೆ ಸಮಾಧಾನವಾಯಿತು.

ಆ ಪುಟದ ಕರಡು ಮೇಜಿಗೆ ಬಂದಾಗ ಮಧ್ಯಾಹ್ನ. ದನಿಯಕ್ಕ ಕೊನೆಯ ಸಾಲುಗಳನ್ನು ಓದಿದಳು: "ಏಳನೆಯದು ತುಂಬಾ ಚಿಕ್ಕದು. ಎಡಕ್ಕೆ, ಸ್ವಲ್ಪ ಕೆಳಗೆ. ಅವಸರ ಮಾಡಬೇಡ, ಅದು ನಿನಗಾಗಿ ಕಾಯುತ್ತದೆ." ಚಿತ್ರದ ಪುಟಕ್ಕೆ ಬಾಯಿಮಾತಿನ ಒಪ್ಪಿಗೆ ಬೇಕಿತ್ತು. ಅದು ಮೇಷ್ಟ್ರೇ ಮಾಡಿದ ನಿಯಮ.

"ಏಳನೇದು ಇದೆಯಾ ಮೇಷ್ಟ್ರೆ?"

ಮೇಷ್ಟ್ರ ಬೆರಳು ಎಡಕ್ಕೆ ಹೋಯಿತು, ಕೆಳಗೆ ಹೋಯಿತು. ದಪ್ಪ ಚುಕ್ಕಿಗಳೇ ಅವರಿಗೆ ಬಟ್ಟೆಯ ಕೆಳಗಿನ ಕಾಳಿನಂತೆ ಮಸುಕಾಗಿದ್ದವು. ಸಾಸಿವೆಯಷ್ಟರದು ಎಲ್ಲಿಂದ ತಿಳಿಯಬೇಕು? ಇರಲೇಬೇಕು, ಕಥೆಯೆಲ್ಲ ಅದರ ಮೇಲೆಯೇ ನಿಂತಿದೆಯಲ್ಲ.

"ಇದೆ" ಅಂದರು.

ಮುನ್ನೂರು ಪ್ರತಿ ಅಚ್ಚಾಗಿ ಶಾಲೆಗಳಿಗೆ ಹೋದವು. ಅದೇ ಆ ಮುದ್ರಣಾಲಯದ ಕೊನೆಯ ಕಾದಂಬರಿಯಾಯಿತು. ಇನ್ನು ಮುಂದೆ ಕಥೆಗಳನ್ನು ಓದಿ ಧ್ವನಿಮುದ್ರಿಸಿ ಕಳಿಸಿದರೆ ಸಾಕು, ಮಕ್ಕಳು ಫೋನಿನಲ್ಲಿ ಕೇಳುತ್ತಾರೆ ಎಂದು ಮೇಲಿನವರು ತೀರ್ಮಾನಿಸಿದರು. ಹಳೆಯ ತಗಡುಗಳನ್ನು ಗುಜರಿಯವನು ಗಾಡಿಗೆ ತುಂಬಿಕೊಂಡು ಹೋದ. ದನಿಯಕ್ಕನ ಕೆಲಸಕ್ಕೆ ಕುತ್ತಿರಲಿಲ್ಲ, ಬೇಕಾಗಿದ್ದದ್ದು ಆಕೆಯ ದನಿಯೇ. ಮೇಷ್ಟ್ರಿಗೆ ಪಠ್ಯಪುಸ್ತಕಗಳ ಕರಡಿನ ಕೆಲಸ ಇನ್ನೊಂದು ವರ್ಷ ಉಂಟು ಅಂದರು.

ಆಗ ಆ ಕಾಗದ ಬಂತು. ದಪ್ಪ ಹಾಳೆ, ಬ್ರೈಲ್, ಒಂದು ಹುಡುಗಿಯದು. ಕಳಿಸಿದ ಶಾಲೆಯ ವಿಳಾಸ ಮಾತ್ರ ಹೊರಗೆ ಶಾಯಿಯಲ್ಲಿತ್ತು. ನಾಲ್ಕು ಗಂಟೆಗೆ ವ್ಯವಸ್ಥಾಪಕರೂ ಲೋಟ ಹಿಡಿದು ಬಂದು ನಿಂತರು. "ಓದಿ ಮೇಷ್ಟ್ರೆ, ಬಹಳ ದಿನ ಆಯ್ತು."

ಮೇಷ್ಟ್ರು ಹಾಳೆಯ ಮೇಲೆ ಬೆರಳಿಟ್ಟರು. ಗೋಡೆಯ ಮೇಲೆ ಇಟ್ಟಂತಾಯಿತು. ಆದರೂ ಮಕ್ಕಳ ದನಿ ಮಾಡಿದರು: "ಪುಸ್ತಕ ತುಂಬಾ ಚೆನ್ನಾಗಿದೆ. ನಾನೂ ನನ್ನ ಗೆಳತಿಯೂ ಜೊತೆಗೆ ಓದಿದೆವು. ಇಂಥಾದ್ದೇ ಇನ್ನೂ ಕಳಿಸಿ. ಎಲ್ಲರಿಗೂ ನಮಸ್ಕಾರ." ಎಲ್ಲರೂ ಹೋ ಎಂದು ನಕ್ಕರು. ತಗಡಣ್ಣ ಕಣ್ಣೊರೆಸಿಕೊಂಡ. ವ್ಯವಸ್ಥಾಪಕರು ಕಾಗದವನ್ನು ಹೊರಗಿನ ಫಲಕಕ್ಕೆ ಸಿಕ್ಕಿಸಿದರು. ಅಲ್ಲಿ ಅದು ಏಳು ವಾರ ಇತ್ತು.

ದನಿಯಕ್ಕ ಒಂದು ಗುಟ್ಟು ಇಟ್ಟುಕೊಂಡಿದ್ದಳು. ಕೆಲಸದ ಹೊತ್ತಿನಲ್ಲಿ ನೋಡಬಾರದು ಎಂಬ ಮಾತು ಪಾಲಿಸುತ್ತಲೇ, ಊಟದ ಬಿಡುವಿನಲ್ಲಿ ಹಳೆಯ ರದ್ದಿ ಹಾಳೆಗಳನ್ನು ಎದುರಿಗಿಟ್ಟುಕೊಂಡು ಕಣ್ಣಿನಿಂದಲೇ ಬ್ರೈಲ್ ಕಲಿಯುತ್ತಿದ್ದಳು. ಮೇಷ್ಟ್ರು ನಿವೃತ್ತರಾಗುವ ದಿನ ತನ್ನ ಕೈಯಾರೆ ಬ್ರೈಲಿನಲ್ಲಿ ಒಂದು ಕಾಗದ ಬರೆದುಕೊಡಬೇಕು ಎಂಬ ಆಸೆ. ಅಕ್ಷರ ಕೂಡಿಸಿ ಓದುವಷ್ಟು ಬಂದಿತ್ತು. ಒಂದು ದಿನ ಬಿಡುವಿನಲ್ಲಿ, ಅಭ್ಯಾಸಕ್ಕೆಂದು, ಫಲಕದ ಮುಂದೆ ನಿಂತಳು.

ಅರ್ಧ ಗಂಟೆಯ ಮೇಲೆ ಆಕೆ ಕಾಗದ ಹಿಡಿದು ಒಳಗೆ ಬಂದು, ಬಾಗಿಲು ಮುಂದಕ್ಕೆ ಹಾಕಿ, ಮೇಷ್ಟ್ರ ಎದುರು ಕೂತಳು.

"ಇದನ್ನ ಇನ್ನೊಂದ್ಸಲ ಓದಿ ಮೇಷ್ಟ್ರೆ."

"ಅವತ್ತೇ ಓದಿದ್ನಲ್ಲ."

"ನಂಗೋಸ್ಕರ."

ಮೇಷ್ಟ್ರು ಬೆರಳಿಡಲಿಲ್ಲ. ಆಕೆಯ ಗಂಟಲೇ ಎಲ್ಲವನ್ನೂ ಹೇಳಿಬಿಟ್ಟಿತ್ತು. "ಯಾವಾಗಿಂದ ಓದೋಕ್ಕೆ ಕಲಿತ್ರಿ?" ಎಂದಷ್ಟೇ ಕೇಳಿದರು.

"ಅದು ಬಿಡಿ. ಕೇಳಿ." ಆಕೆ ಅಕ್ಷರ ಅಕ್ಷರವಾಗಿ, ಒಂದನೆಯ ತರಗತಿಯ ಮಗುವಿನಂತೆ ತಡವರಿಸಿ ಓದಿದಳು. "ಪುಸ್ತಕ ಮಾಡಿದವರಿಗೆ. ನಾನೂ ನನ್ನ ಗೆಳತಿಯೂ ಒಂದೇ ಪುಸ್ತಕ ಓದಿದೆವು. ಏಳನೆಯದು ಸಿಕ್ಕಿತು ಅಂತ ಅವಳು ಹೇಳುತ್ತಾಳೆ. ನನಗೆ ಸಿಗುತ್ತಿಲ್ಲ. ಹನ್ನೊಂದು ದಿನದಿಂದ ಹುಡುಕುತ್ತಿದ್ದೇನೆ. ನನ್ನ ಬೆರಳು ಪೆದ್ದು ಅಂತ ಅವಳು ಎಲ್ಲರಿಗೂ ಹೇಳಿದ್ದಾಳೆ. ಈಗ ನಾವು ಮಾತಾಡುವುದಿಲ್ಲ. ಕಥೆಯ ಹುಡುಗಿಗೆ ಕನ್ನಡಕ ಕೊಟ್ಟರು. ಬೆರಳಿಗೆ ಕನ್ನಡಕ ಇದೆಯಾ? ಇದ್ದರೆ ಎಲ್ಲಿ ಸಿಗುತ್ತದೆ ಅಂತ ಬರೆಯಿರಿ."

ಆಮೇಲೆ ದನಿಯಕ್ಕ ಕಪಾಟಿನಿಂದ ಪುಸ್ತಕ ತೆಗೆದು ಕೊನೆಯ ಪುಟ ಬಿಚ್ಚಿದಳು. "ಆರೇ ಇದೆ ಮೇಷ್ಟ್ರೆ. ನೀವು ಇದೆ ಅಂದ್ರಿ."

ಮೇಷ್ಟ್ರು ಎರಡೂ ಕೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟರು. "ನಂಗೆ ಏನೂ ಗೊತ್ತಾಗ್ತಿಲ್ಲ. ಐದು ತಿಂಗಳಾಯ್ತು."

"ನಂಗೊಂದು ಮಾತು ಹೇಳಬಾರ್ದಿತ್ತಾ? ಇಪ್ಪತ್ತೆರಡು ವರ್ಷ ನಿಮ್ಮೆದುರಿಗೆ ಕೂತಿದೀನಿ. ನಾನು ಕಲ್ಲಿಗೆ ಓದ್ತಿದ್ನಾ?" ಆಕೆ ಅತ್ತಳು. ಸಿಟ್ಟಿಗೋ ಸಂಕಟಕ್ಕೋ ಆಕೆಗೇ ತಿಳಿಯಲಿಲ್ಲ.

ತಗಡಣ್ಣನನ್ನು ಕರೆಸಿದರು. ಅವನು ಪುಟ ನೋಡಿ ಬೆಪ್ಪಾಗಿ, "ಹೆಚ್ಚಿಗೆ ಎದ್ದಿತ್ತು. ಮೇಷ್ಟ್ರಿಗ್ಯಾಕೆ ತೊಂದ್ರೆ ಅಂತ ನಾನೇ ತಟ್ಟಿದೆ" ಅಂದ. ಅವನನ್ನು ಬೈಯಲು ಯಾರಿಗೂ ಮನಸ್ಸಾಗಲಿಲ್ಲ. ಸುತ್ತಿಗೆ ಅವನ ಕೈಗೆ ಬರುವಂತೆ ಮಾಡಿದವರು ಯಾರು ಎಂದು ಮೇಷ್ಟ್ರಿಗೆ ಗೊತ್ತಿತ್ತು. ಹತ್ತು ಸಾಲಿಗೊಮ್ಮೆ ಮೇಜು ಬಡಿದ ಕೈ ಅಲ್ಲೇ, ಎಲ್ಲರ ಎದುರೇ ಬಿದ್ದಿತ್ತು.

ಮೇಷ್ಟ್ರು ತಾವಾಗಿಯೇ ವ್ಯವಸ್ಥಾಪಕರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದರು. ಅವರು ಕೆಟ್ಟವರಲ್ಲ, ಕುರ್ಚಿ ಎಳೆದು ಕೂರಿಸಿದರು. ಆದರೆ ತಗಡೇ ಇಲ್ಲದ ಮೇಲೆ ಮತ್ತೆ ಅಚ್ಚು ಎಲ್ಲಿಂದ? ಬೆರಳಿಲ್ಲದ ಮೇಲೆ ಕರಡು ಎಲ್ಲಿಂದ? ತಿಂಗಳ ಕೊನೆಗೆ ಮೇಷ್ಟ್ರ ಕೆಲಸ ಮುಗಿಯುವುದೆಂದು ನಿಕ್ಕಿಯಾಯಿತು.

ಉಳಿದದ್ದು ಒಂದೇ, ಆ ಹುಡುಗಿಗೆ ಉತ್ತರ. ಬರೆಯಲು ಬೆರಳ ತುದಿ ಬೇಕಿಲ್ಲ. ಹಾಳೆಯ ಬೆನ್ನಿನಿಂದ ಮೊಳೆಯಲ್ಲಿ ಚುಚ್ಚುತ್ತಾ ಹೋದರೆ ಇನ್ನೊಂದು ಬದಿಯಲ್ಲಿ ಚುಕ್ಕಿ ಏಳುತ್ತದೆ, ಕೈಗೆ ಅಭ್ಯಾಸವಿದ್ದರೆ ಆಯಿತು. ಮೇಷ್ಟ್ರು ಬರೆದರು: ನಿನ್ನ ಬೆರಳು ಸರಿಯಾಗಿದೆ. ಆ ಪುಟದಲ್ಲಿ ಏಳನೆಯ ಚುಕ್ಕಿ ಇಲ್ಲ. ಇದೆ ಎಂದು ಸುಳ್ಳು ಹೇಳಿದವನು ನಾನು, ನನ್ನ ಬೆರಳು ಕೆಟ್ಟಿದೆ. ನೀನು ನಿನ್ನ ಬೆರಳನ್ನು ನಂಬು, ಯಾರು ಏನೇ ಹೇಳಲಿ.

ಬರೆದದ್ದನ್ನು ತಾವೇ ನೋಡಿಕೊಳ್ಳುವ ಹಾಗಿರಲಿಲ್ಲ. ಹಾಳೆಯನ್ನು ದನಿಯಕ್ಕನ ಕಡೆ ತಳ್ಳಿ, ನೆನಪಿನಿಂದ ಸಾಲು ಸಾಲಾಗಿ ಹೇಳತೊಡಗಿದರು. ಆಕೆ ಕಣ್ಣಿನಿಂದ ಚುಕ್ಕಿಗಳನ್ನು ಹಿಂಬಾಲಿಸಿದಳು. ಮೂರನೆಯ ಸಾಲಿನಲ್ಲಿ ಮೇಜಿನ ಮೇಲೆ ಸದ್ದಾಯಿತು, ಟಕ್ ಟಕ್. ಇಪ್ಪತ್ತೆರಡು ವರ್ಷ ತಾವು ಹೊಡೆದ ಆ ಸದ್ದು ಎದುರಿನವರಿಗೆ ಹೇಗೆ ಕೇಳಿಸುತ್ತಿತ್ತು ಎಂದು ಮೇಷ್ಟ್ರಿಗೆ ಅಂದು ಗೊತ್ತಾಯಿತು. ತಪ್ಪನ್ನು ಒಪ್ಪಿ ಹೊಸ ಹಾಳೆಯಲ್ಲಿ ಬರೆದರು. ಕಾಗದ ಹೋಯಿತು.

ಕೊನೆಯ ದಿನ ಬೆಳಿಗ್ಗೆ ಶಾಲೆಯಿಂದ ಒಂದು ಕಟ್ಟು ಬಂತು. ಒಳಗೆ ಕಾದಂಬರಿ, ಜೊತೆಗೆ ಶಿಕ್ಷಕಿಯ ಪತ್ರ. ದನಿಯಕ್ಕ ಓದಿದಳು. ಹುಡುಗಿ ತಿಂಗಳ ಹಿಂದೆಯೇ ಬ್ರೈಲ್ ಓದುವುದನ್ನು ಬಿಟ್ಟಿದ್ದಾಳೆ. ಪಾಠದ ಹೊತ್ತಿನಲ್ಲಿ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಳ್ಳುತ್ತಾಳೆ, ಎಷ್ಟು ಹೇಳಿದರೂ ಮೇಲೆ ತೆಗೆಯುವುದಿಲ್ಲ. ಈಗ ಕೇಳಿ ಕಲಿಯುವವರ ತರಗತಿಗೆ ಹಾಕಿದ್ದಾರೆ. ಗೆಳತಿ ಬೇರೆ ಶಾಲೆಗೆ ಹೋಗಿದ್ದಾಳೆ. ತಮ್ಮ ಕಾಗದವನ್ನು ಹುಡುಗಿಗೆ ಓದಿ ಹೇಳಿದೆವು, ಆಗಲೂ ಅವಳು ಕೈ ಮೇಲೆ ತೆಗೆಯಲಿಲ್ಲ. ಪುಸ್ತಕದಲ್ಲಿ ದೋಷವಿರುವುದರಿಂದ ಹಿಂದಿರುಗಿಸಿದ್ದೇವೆ.

ಮೇಷ್ಟ್ರು ಪುಸ್ತಕವನ್ನು ಆಕೆಯ ಕಡೆ ತಳ್ಳಿದರು. ಆಮೇಲೆ, "ಕೊನೇ ಪುಟ ತೆಗೀರಿ. ಹೇಗಿದೆ?" ಎಂದು ಕೇಳಿದರು.

ದನಿಯಕ್ಕ ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. "ಸವೆದುಹೋಗಿದೆ ಮೇಷ್ಟ್ರೆ. ಹುಡುಕಿ ಹುಡುಕಿ ಆ ಆರನ್ನೂ ಉಜ್ಜಿಬಿಟ್ಟಿದಾಳೆ ಮಗು. ಎಡಗಡೆ ಕೆಳಗೆ ಕಾಗದವೇ ಕಪ್ಪಾಗಿದೆ."

"ಇಲ್ಲಿ ಕೊಡಿ."

ಮೇಷ್ಟ್ರು ಪುಟವನ್ನು ಮಗುಚಿ, ಕೆಳಗೆ ಮೆತ್ತನೆಯ ರಟ್ಟು ಇಟ್ಟು, ಮೊಳೆ ಹಿಡಿದರು. ಎಡಕ್ಕೆ, ಸ್ವಲ್ಪ ಕೆಳಗೆ ಎಂದದ್ದು ಹಿಂಬದಿಯಿಂದ ಬಲಕ್ಕೆ. ಅಂಚಿನಿಂದ ಗೇಣಳತೆ ಹಿಡಿದು ಜಾಗ ಗುರುತಿಸಿ ಮೆಲ್ಲಗೆ ಒತ್ತಿದರು. ಯಾರಿಗಾಗಿ ಎಂದು ದನಿಯಕ್ಕ ಕೇಳಲಿಲ್ಲ. ಆ ಪುಸ್ತಕವನ್ನು ಇನ್ನು ಓದುವವರು ಯಾರೂ ಇರಲಿಲ್ಲ. ಅವರು ಪುಟವನ್ನು ಮತ್ತೆ ತಿರುವಿ ಬೆರಳಿಟ್ಟರು. ಎಡಕ್ಕೆ ಎಳೆದರು, ಕೆಳಕ್ಕೆ ಎಳೆದರು, ಮತ್ತೆ ಎಳೆದರು.

"ಇದೆಯಾ?"

ಹೊರಗೆ ತಗಡಣ್ಣ ಅವರ ಕುರ್ಚಿಯನ್ನು ಎತ್ತಲು ಕಾಯುತ್ತಿದ್ದ. ದನಿಯಕ್ಕ ಪುಟದ ಮೇಲೆ ಬಗ್ಗಿದ್ದು ಅವರಿಗೆ ಉಸಿರಿನಿಂದ ತಿಳಿಯಿತು. ಆಕೆ ಕೊಂಚ ತಡೆದಳು.

"ಇದೆ" ಅಂದಳು.

ಇಪ್ಪತ್ತೆರಡು ವರ್ಷ ಆ ಗಂಟಲಿನ ಸಣ್ಣ ಬಿರುಕನ್ನೂ ಬಿಡದೆ ಹಿಡಿದವರು ಮೇಷ್ಟ್ರು. ಇನ್ನೊಂದು ಸಲ ಕೇಳಬಹುದಿತ್ತು. ಅವರು ಪುಸ್ತಕ ಮುಚ್ಚಿ, ಗೋಡೆಗೆ ಒರಗಿಸಿಟ್ಟಿದ್ದ ಕೋಲಿಗಾಗಿ ಕೈ ಚಾಚಿದರು.